‘ಸತ್ತರೆ?’ ಅಂತ ಕೇಳಿದವಳು

ಮೊದಲು ಆ ಹುಡುಗನ ಮೇಲಿನ ಸಿಟ್ಟಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದು ಇನ್ನೂ ಆರಿಲ್ಲ. ಮುಂಬೈಯಲ್ಲಿ ನಮ್ಮಂಥವರಿಗೆ ಕೆಲಸ ಕೊಡಿಸುವ ಏಜೆಂಟ್ ಅವನು. ಕಾಲ ಮೇಲೆ ಕಾಲು ಹಾಕಿ ಕೂತು, ನನ್ನ ಬಯೋಡೇಟಾವನ್ನು ಫೋನಿನಲ್ಲಿ ಬೆರಳಿನಿಂದ ಜಾರಿಸುತ್ತ, ‘ಕ್ರೆಡಿಟ್‌ನಲ್ಲಿ ಇಷ್ಟು ವರ್ಷ ಕಳೆದಿದ್ದೀರಿ ಮೇಡಂ, ಇನ್ನು ಈಕ್ವಿಟಿಯವರು ನಿಮ್ಮನ್ನು ತೆಗೆದುಕೊಳ್ಳುವುದು ಕಷ್ಟ. ನಿಮ್ಮ ಕ್ರೆಡಿಟ್‌ನವರ ತಲೆ ಒಂದೇ ಕಡೆ ಓಡುತ್ತದೆ’ ಎಂದ. ಅಷ್ಟು ಹೇಳಿ ನನ್ನ ತಟ್ಟೆಯಲ್ಲಿದ್ದ ಬಿಸ್ಕೀಟನ್ನೂ ಎತ್ತಿ ತಿಂದ. ಅವತ್ತು ಮೈಯೆಲ್ಲ ಉರಿದದ್ದು ಮಾತಿಗೋ ಬಿಸ್ಕೀಟಿಗೋ, ಇವತ್ತಿಗೂ ನನಗೆ ಬಿಡಿಸಿ ಹೇಳಲು ಬರುವುದಿಲ್ಲ.

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ನಾನೊಂದು ಹೂಡಿಕೆ ಸಂಸ್ಥೆಯಲ್ಲಿದ್ದೆ. ಕಂಪನಿಗಳಿಗೆ ಸಾಲ ಕೊಡುವುದು, ಅವುಗಳ ಬಾಂಡ್ ಕೊಳ್ಳುವುದು ನಮ್ಮ ದಂಧೆ, ಅದಕ್ಕೇ ಕ್ರೆಡಿಟ್ ಅನ್ನುವುದು. ಕೊಡುವ ಮೊದಲು ಆ ಕಂಪನಿಯನ್ನು ಬಗೆದು ನೋಡುವವಳು ನಾನು. ಮಾಲೀಕ ಓಡಿಹೋದರೆ? ಕಾರ್ಖಾನೆಗೆ ಬೆಂಕಿ ಬಿದ್ದರೆ? ದೊಡ್ಡ ಗಿರಾಕಿ ಕೈಬಿಟ್ಟರೆ? ದಿನವಿಡೀ ಇದೇ. ಎಲ್ಲ ಸರಿಯಾಗಿದ್ದರೆ ನಮಗೆ ಬರುವುದು ಕೊಟ್ಟ ಅಸಲು ಮತ್ತು ಹೇಳಿದಷ್ಟು ಬಡ್ಡಿ. ಕಂಪನಿ ಆಕಾಶಕ್ಕೆ ಏರಿದರೂ ಅಷ್ಟೇ, ಒಂದು ಪೈಸೆ ಹೆಚ್ಚಿಲ್ಲ. ಆದರೆ ಅದು ಮುಳುಗಿದರೆ ನಾವೂ ಮುಳುಗುತ್ತೇವೆ. ಹೀಗಾಗಿ ಕೆಟ್ಟದ್ದನ್ನು ಮೊದಲು ನೋಡುವುದು ನಮಗೆ ಅನ್ನ. ಈಕ್ವಿಟಿಯವರು ಷೇರು ಕೊಳ್ಳುವವರು, ಅಂದರೆ ಪಾಲುದಾರರು. ಕಂಪನಿ ಬೆಳೆದಷ್ಟೂ ಅವರದು ಬೆಳೆಯುತ್ತದೆ.

ನಾನು ಈ ಕಡೆಯಿಂದ ಆ ಕಡೆಗೆ ಹೋಗಬೇಕು ಅಂದುಕೊಂಡದ್ದು ಆಸೆಯಿಂದಲ್ಲ, ಸಿಟ್ಟಿನಿಂದ. ಒಂದು ಔಷಧ ಕಂಪನಿ ಇತ್ತು. ಯಾರೂ ಹತ್ತಿರ ಸೇರಿಸದ ಕಾಲದಲ್ಲಿ ಅದರ ಕಾರ್ಖಾನೆಯಲ್ಲಿ ಹೆಲ್ಮೆಟ್ ಹಾಕಿಕೊಂಡು ಅಲೆದವಳು ನಾನು, ಇದು ಎದ್ದು ನಿಲ್ಲುತ್ತದೆ ಎಂದು ಬರೆದವಳೂ ನಾನೇ. ಎದ್ದು ನಿಂತಿತು. ನಮ್ಮ ಸಾಲ ಸರಿಯಾದ ಸಮಯಕ್ಕೆ ಮರಳಿ ಬಂತು, ನನಗೊಂದು ಮೇಲ್ ಬಂತು, ‘ವೆಲ್ ಡನ್’ ಎಂದು. ಅದೇ ಕಟ್ಟಡದಲ್ಲಿ ನಮ್ಮ ಮೇಲಿನ ಮಹಡಿಯಲ್ಲಿ, ಸಿರಿವಂತರ ದುಡ್ಡು ತಂದು ಷೇರಿನಲ್ಲಿ ಹೂಡುವ ಒಂದು ಹೆಜ್ ಫಂಡ್ ಇತ್ತು. ಅಲ್ಲಿನವನೊಬ್ಬ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಆ ಕಂಪನಿ ಹೇಗಿದೆ ಎಂದು ಕೇಳುತ್ತಿದ್ದ, ನಾನು ಪೆದ್ದಿಯ ಹಾಗೆ ಹೇಳುತ್ತಿದ್ದೆ. ಅವನು ಷೇರು ಕೊಂಡಿದ್ದ. ಹೊಸ ಕಾರು ತೋರಿಸಲು ನನ್ನನ್ನು ಪಾರ್ಕಿಂಗ್‌ವರೆಗೂ ಕರೆದುಕೊಂಡು ಹೋದ. ನೋಡಿದವಳು ನಾನು, ಉಂಡವನು ಅವನು. ಅವತ್ತೇ ತೀರ್ಮಾನ ಮಾಡಿದೆ, ಸತ್ತರೂ ಸರಿ, ಒಂದು ಹೆಜ್ ಫಂಡಿನ ಈಕ್ವಿಟಿ ಕೆಲಸ ಹಿಡಿದೇ ತೀರುತ್ತೇನೆ ಎಂದು.

ಆ ಏಜೆಂಟ್ ಹುಡುಗನನ್ನು ಬಿಟ್ಟು ನಾನೇ ಮೇಲ್ ಬರೆದು, ಬರೆದು, ಕೊನೆಗೆ ಒಂದು ಫಂಡ್ ಬಾಗಿಲು ತೆರೆಯಿತು. ಅವರ ಪರೀಕ್ಷೆಗೆ ಯಾವುದಾದರೂ ಒಂದು ಕಂಪನಿಯನ್ನು ಆರಿಸಿಕೊಂಡು ಅದರ ಷೇರನ್ನು ಏನು ಮಾಡಬೇಕೆಂದು ಹೇಳಬೇಕಿತ್ತು. ನಾನು ಒಂದು ಡೇರಿ ಕಂಪನಿಯನ್ನು ಆರಿಸಿದೆ. ತುಪ್ಪ, ಮೊಸರು, ಪನೀರು ಮಾಡುವ ಕಂಪನಿ. ಮುಂಬೈಯ ಷೇರಿನವರಿಗೆ ಅದೆಂದರೆ ಪ್ರಾಣ, ಷೇರು ಏರಿ ಏರಿ ನಿಂತಿತ್ತು. ಅದರ ಹಾಲಿನ ಗಾಡಿಗಳು ನಮ್ಮ ಹಳಿಯಾಳದ ಕಡೆಗೂ ಬರತೊಡಗಿವೆ ಎಂದು ಅವ್ವ ಫೋನಿನಲ್ಲಿ ಹೇಳಿದ್ದಳು. ರಜೆ ಹಾಕಿ ಊರಿಗೆ ಬಂದೆ.

ಅವ್ವನಿಗೆ ಹಳಿಯಾಳದಲ್ಲಿ ಒಂದು ಹಿಟ್ಟಿನ ಗಿರಣಿ ಇದೆ, ಮಗ್ಗುಲಲ್ಲೇ ಮನೆ. ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿಕೊಂಡು ಗಿರಣಿಯ ಬಟನ್ ಒತ್ತಿದಳೆಂದರೆ ಸಂಜೆಯವರೆಗೆ ಮೈತುಂಬ ಹಿಟ್ಟು, ಬಾಯಿತುಂಬ ಮಾತು. ಜೋಳ ಬೀಸಿಸಲು ಬಂದವರಿಗೆಲ್ಲ ನಾನು ‘ಬ್ಯಾಂಕಿನ್ಯಾಗ’ ಇದ್ದೇನೆಂದು ಅವಳೇ ಹೇಳಿಟ್ಟಿದ್ದಳು. ಷೇರಿನ ಕಡೆ ಹೋಗುತ್ತೇನೆ ಅಂದಾಗ ಅವಳ ಮುಖ ಸಣ್ಣದಾಯಿತು.

‘ಓಸಿ ಆಡಿದಂಗ ಅಲ್ಲೇನಲೇ ಅದು?’ ಎಂದಳು. ಮಟಕಾ ಆಡುವುದಕ್ಕೆ ನಮ್ಮ ಕಡೆ ಓಸಿ ಅನ್ನುತ್ತಾರೆ.

‘ಅಲ್ಲವ್ವ. ನೀ ಎಮ್ಮಿ ಪಾಲಿಗೆ ಕೊಡ್ತಿಯಲ್ಲ, ಹಂಗ. ನಾವು ರೊಕ್ಕ ಹಾಕೂದು, ಅವರು ಬೆಳಸೂದು, ಬೆಳದದ್ದರಾಗ ನಮಗೂ ಪಾಲು.’

‘ಹಂಗಾರ ಛಲೋ ಐತಿ’ ಎಂದು ಮತ್ತೆ ಗಿರಣಿಗೆ ಹೋದಳು. ಇಷ್ಟು ಚೆನ್ನಾಗಿ ಅವ್ವನಿಗೆ ತಿಳಿಸಿ ಹೇಳಿದವಳಿಗೆ ತನಗೇ ಅದು ತಿಳಿದಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಫಂಡಿನ ಮುಖ್ಯಸ್ಥನ ಜೊತೆ ಮೊದಲ ಸುತ್ತಿನ ಮಾತು ಫೋನಿನ ವಿಡಿಯೋದಲ್ಲೇ ಆಯಿತು. ಅವ್ವನಿಗೆ ಗಿರಣಿ ನಿಲ್ಲಿಸು ಎಂದು ಕೈಮುಗಿದು ಹೇಳಿದ್ದೆ. ನಿಲ್ಲಿಸಿದ್ದಳು ಕೂಡ. ಆದರೆ ಯಾರೋ ಮದುವೆ ಮನೆಯವರು ಗೋಧಿ ತಂದರು, ಅವಳ ಕೈ ತಡೆಯಲಿಲ್ಲ. ನಾನು ಆ ಡೇರಿ ಕಂಪನಿಯ ಷೇರು ಕೊಳ್ಳಬೇಕೆಂದು ವಾದಿಸುತ್ತಿದ್ದಾಗ ಹಿಂದೆ ಗಿರಣಿ ಗರಗರ ಅನ್ನತೊಡಗಿತು. ಅದು ಏನು ಶಬ್ದ ಎಂದು ಆತ ಕೇಳಿದ. ಹಿಟ್ಟಿನ ಗಿರಣಿ ಎಂದೆ. ಆತ ನಕ್ಕ. ಆ ನಗು ನನಗೆ ಹಿಡಿಸಲಿಲ್ಲ, ಆದರೂ ಮುಂದುವರಿಸಿದೆ. ಸಾಲ ಕಡಿಮೆ ಇದೆ, ಕೈಯಲ್ಲಿ ನಗದು ಇದೆ, ಒಂದು ವರ್ಷ ಹಾಲು ಬರದಿದ್ದರೂ ತಾಳುತ್ತದೆ, ಒಂದು ಕಾರ್ಖಾನೆ ನಿಂತರೂ ತಾಳುತ್ತದೆ ಎಂದು ಒಂದೊಂದಾಗಿ ಹೇಳಿದೆ. ಎಷ್ಟು ಚೆನ್ನಾಗಿ ಬರೆದಿದ್ದೆನೆಂದರೆ ನನಗೇ ನನ್ನ ಮೇಲೆ ಹೆಮ್ಮೆಯಾಗಿತ್ತು.

ಆತ ಕೇಳಿ ಮುಗಿಸಿ ಇಂಗ್ಲಿಷಿನಲ್ಲಿ ಹೇಳಿದ ಮಾತನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: ‘ನೀವು ಹೇಳಿದ್ದೆಲ್ಲ ನನ್ನ ಹಣ ಹೇಗೆ ಮುಳುಗುವುದಿಲ್ಲ ಅಂತ. ನಾನು ಹಣ ಮುಳುಗದಿರಲಿ ಅಂತ ಷೇರು ಕೊಳ್ಳುವುದಿಲ್ಲ. ಅದು ಹೇಗೆ ಬೆಳೆಯುತ್ತದೆ ಹೇಳಿ. ನೀವು ಇನ್ನೂ ಸಾಲ ಕೊಡುವವರು. ಕಂಪನಿ ಸಾಯದಿದ್ದರೆ ಸಾಕು ನಿಮಗೆ.’ ಮುಂದಿನ ವಾರ ಮುಂಬೈಗೆ ಬಂದು ಇನ್ನೊಮ್ಮೆ ಹೇಳಿ, ಅದೇ ಕೊನೆಯ ಅವಕಾಶ ಎಂದು ಕಾಲ್ ಮುಗಿಸಿದ.

ಎದ್ದು ಕುರ್ಚಿಗೆ ಒದ್ದೆ. ಅದು ಪ್ಲಾಸ್ಟಿಕ್ ಕುರ್ಚಿ, ಉರುಳಿ ಹೋಗಿ ನೀರಿನ ಕೊಡಕ್ಕೆ ಬಡಿಯಿತು. ಅವ್ವ ಹಿಟ್ಟಿನ ಕೈಯಲ್ಲೇ ಬಂದು ನೋಡಿ, ‘ಬ್ಯಾಂಕಿನವರು ಬೈದರೇನು?’ ಎಂದಳು. ಬ್ಯಾಂಕಲ್ಲ ಬ್ಯಾಂಕಲ್ಲ ಎಂದು ಎಷ್ಟು ಸಲ ಹೇಳಬೇಕೆಂದು ಅವಳ ಮೇಲೆ ಹರಿಹಾಯ್ದೆ. ಪಾಪ, ಆಕೆಗೇನು ಗೊತ್ತು. ಆದರೆ ಸಿಟ್ಟು ಬಂದಾಗ ಹತ್ತಿರ ಇದ್ದವರೇ ಸಿಗುವುದು.

ಮರುದಿನವೇ ಪಾಲಿನ ಹೊಸ ಎಮ್ಮೆ ಒಯ್ಯಲು ಮೌಶಿ ಬರುವವಳಿದ್ದಳು. ಮೌಶಿ ಅಂದರೆ ಅವ್ವನ ಸ್ವಂತ ತಂಗಿಯಲ್ಲ. ಕಾಡಿನ ಅಂಚಿನ ಒಂದು ಊರಿನ ಸಿದ್ದಿ ಹೆಂಗಸು. ಮನೆಯಲ್ಲಿ ಕೊಂಕಣಿ ಆಡುತ್ತಾಳೆ, ನಮ್ಮ ಹತ್ತಿರ ಕನ್ನಡ. ನಾನು ಫ್ರಾಕು ಹಾಕುವ ಕಾಲದಿಂದ ಅವ್ವನಿಗೂ ಅವಳಿಗೂ ಎಮ್ಮೆಯ ಪಾಲು. ಅವ್ವ ರೊಕ್ಕ ಕೊಟ್ಟು ಒಂದು ಮಣಕ, ಅಂದರೆ ಇನ್ನೂ ಈಯದ ಎಳೆಯ ಎಮ್ಮೆ, ಕೊಡಿಸುತ್ತಾಳೆ. ಮೌಶಿ ಅದನ್ನು ಮೇಯಿಸಿ ಬೆಳೆಸುತ್ತಾಳೆ. ಹಾಲು ಅವಳದು. ಕರುಗಳು ಒಂದು ಅವಳಿಗೆ, ಒಂದು ನಮಗೆ. ಮಾರಿದಾಗ ಅರ್ಧರ್ಧ. ಇದಕ್ಕೆ ಕಾಗದವಿಲ್ಲ, ಸಾಕ್ಷಿ ಇಲ್ಲ. ರೊಕ್ಕ ಹಾಕಿದವರು ತಮ್ಮ ಕೈಯಿಂದ ಹಗ್ಗವನ್ನು ಸಾಕುವವರ ಕೈಗೆ ಕೊಡಬೇಕು, ಅಷ್ಟೇ.

ಮತ್ತೊಂದು ಕಟ್ಟಳೆ ಇದೆ. ಹಗ್ಗ ಕೈ ಬದಲಾಗುವ ತನಕ ಆ ಅಂಗಳದಲ್ಲಿ ಸಾವಿನ ಮಾತು, ರೋಗದ ಮಾತು ಆಡಬಾರದು. ಆಡಿದರೆ ಅವತ್ತಿನ ಪಾಲು ಮುರಿದ ಹಾಗೆ. ಎಮ್ಮೆ ಸಾಯುವುದಿಲ್ಲ ಅಂತಲ್ಲ. ನಾನು ಸಣ್ಣವಳಿದ್ದಾಗ ಒಂದು ಸತ್ತಿತ್ತು, ಹಾವು ಕಚ್ಚಿ. ಮೌಶಿ ನಡೆದು ಬಂದು ನಮ್ಮ ಕಟ್ಟೆಯ ಮೇಲೆ ಕೂತು ಅತ್ತಳು, ಅವ್ವನೂ ಅತ್ತಳು. ಆಮೇಲೆ ಇಬ್ಬರೂ ಚಹಾ ಕುಡಿದು, ಮುಂದಿನ ಮಣಕ ಎಲ್ಲಿ ತರುವುದೆಂದು ಮಾತಾಡಿದರು. ಯಾರಿಗೆ ಎಷ್ಟು ಹೋಯಿತು ಎಂಬ ಮಾತು ಬರಲೇ ಇಲ್ಲ. ಇದೆಲ್ಲ ನನಗೆ ಗೊತ್ತು. ಹುಟ್ಟಿದಾಗಿನಿಂದ ನೋಡಿದ್ದೇನೆ. ಗೊತ್ತಿದ್ದೂ ಆ ಮಾತು ಆಡಿದೆನಲ್ಲ, ಅದಕ್ಕೇ ಇಷ್ಟು ಸಿಟ್ಟು.

ಮಣಕವನ್ನು ಮುಂಡಗೋಡ ಕಡೆಯಿಂದ ಸಣ್ಣ ಟೆಂಪೋದಲ್ಲಿ ತರಿಸಿದ್ದರು. ಒಳ್ಳೆ ಮಿರಿಮಿರಿ ಕಪ್ಪು. ಅವ್ವ ಹಣೆಗೆ ಅರಿಶಿನ ಕುಂಕುಮ ಹಚ್ಚಿ, ಬೆಲ್ಲ ತಿನ್ನಿಸಿದಳು. ಮೌಶಿ ಬಾಯಿತುಂಬ ಎಲೆ ಅಡಿಕೆ ಹಾಕಿಕೊಂಡು ಅದರ ಬೆನ್ನು ಸವರುತ್ತ, ‘ಯಾಕವಾ, ಮುಂಬಯಿ ಬಾಯಿ, ನಿಮ್ಮ ಬ್ಯಾಂಕಿನ್ಯಾಗ ಇಂಥಾದ್ದು ಸಿಗತೈತೇನು?’ ಎಂದು ನನ್ನನ್ನು ಚೇಷ್ಟೆ ಮಾಡಿದಳು. ಎಲ್ಲರೂ ನಗುತ್ತಿದ್ದರು. ನನ್ನ ತಲೆಯಲ್ಲಿ ಮಾತ್ರ ಹಿಂದಿನ ದಿನದ ಆ ಫಂಡಿನವನ ಮುಖ ಕೂತಿತ್ತು. ಮಣಕದ ಮೂಗಿನಲ್ಲಿ ಸ್ವಲ್ಪ ಸಿಂಬಳ ಕಂಡಿತು. ಅವ್ವ ಹಗ್ಗವನ್ನು ಎತ್ತಿ ಹಿಡಿದಿದ್ದಳು, ಮೌಶಿ ಸೆರಗಿನಿಂದ ಕೈ ಒರೆಸಿಕೊಂಡು ಮುಂದೆ ಚಾಚಿದ್ದಳು.

‘ಸತ್ತರೆ?’ ಎಂದೆ.

ಬಾಯಿಂದ ಹೊರಗೆ ಬಿದ್ದೇಹೋಯಿತು. ಆಫೀಸಿನಲ್ಲಿ ದಿನಕ್ಕೆ ಎಷ್ಟು ಸಲ ಆಡುವ ಮಾತು. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ನಿಲ್ಲಿಸಲಿಲ್ಲ ನಾನು. ‘ಅಲ್ಲ, ಮೂಗು ಸುರೀತೈತಿ, ಡಾಕ್ಟರಿಗೆ ತೋರಿಸ್ಯಾರೇನು? ವಿಮಾ ಐತೇನು? ಸತ್ತರ ಅವ್ವನ ರೊಕ್ಕದ ಗತಿ ಏನು?’ ಎಂದು ಪೂರ್ತಿ ಮಾಡಿದೆ.

ಮೌಶಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಬಾಯಲ್ಲಿದ್ದ ಎಲೆಯನ್ನು ಅಂಗಳದ ಮೂಲೆಗೆ ಹೋಗಿ ಉಗಿದು ಬಂದಳು. ಅವಳ ಸಿಟ್ಟೇನೂ ನನ್ನ ಸಿಟ್ಟಿಗಿಂತ ಕಡಿಮೆಯದಲ್ಲ.

‘ಅಕ್ಕಾರ, ನಿಮ್ಮ ಮಗಳು ನನ್ನ ಕೊಟ್ಟಿಗಿ ಒಳಗ ಹೆಣಾ ಕಂಡಾಳ’ ಎಂದಳು. ‘ನಿಮ್ಮ ಎಮ್ಮಿ ನೀವ ಇಟ್ಟಕೋರಿ. ನಾ ಬರ್ತೇನಿ.’

‘ಮೌಶಿ, ನಾ ಏನು ತಪ್ಪು ಕೇಳಿದೆ? ಸಾಯೂದಿಲ್ಲೇನು ಎಮ್ಮಿ?’ ಎಂದೆ.

‘ಸಾಯತಾವ. ನೀನೂ ಸಾಯತಿ, ನಾನೂ ಸಾಯತೇನಿ. ನಿನ್ನ ಮದವಿ ಚಪ್ಪರದಾಗ ನಿಂತು ನಿನ್ನ ಗಂಡ ಸತ್ತರ ಏನ ಗತಿ ಅಂತ ನಾ ಕೇಳಲೇನು?’ ಎಂದು ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದೇಬಿಟ್ಟಳು.

ಅವ್ವ ಹಗ್ಗ ಹಿಡಿದುಕೊಂಡು ಹಾಗೇ ನಿಂತಿದ್ದಳು. ಅವಳು ನನ್ನನ್ನು ಬೈದಿದ್ದರೆ ನಾನೂ ಎದುರು ಬೈದು ಹಗುರಾಗುತ್ತಿದ್ದೆ. ಬೈಯಲಿಲ್ಲ. ಮಣಕವನ್ನು ಬಂದ ಟೆಂಪೋದಲ್ಲೇ ವಾಪಸು ಕಳಿಸಿದಳು. ಆಮೇಲೆ ಅವತ್ತು ಸಂಜೆ ರೊಟ್ಟಿ ಬಡಿಯುತ್ತ, ತಟ್ಟೆಯ ಕಡೆ ನೋಡುತ್ತ ಹೇಳಿದಳು, ‘ಅಕಿ ಜೋಡಿ ನಂದು ಎಮ್ಮಿ ಪಾಲಷ್ಟ ಅಂತ ತಿಳಕೊಂಡಿಯೇನು? ನಿಮ್ಮಪ್ಪ ಹೋದಾಗ ಈ ಮನ್ಯಾಗ ಒಲಿ ಹಚ್ಚಿದಾಕಿ ಅಕಿ.’ ಅದಾದ ಮೇಲೆ ನನ್ನ ಜೊತೆ ಮಾತು ಬಿಟ್ಟಳು. ಊಟ ಹಾಕುತ್ತಿದ್ದಳು, ಮಾತಿಲ್ಲ. ಗಿರಣಿಗೆ ಬಂದವರೆಲ್ಲರ ಜೊತೆ ಮಾತು, ನನ್ನೊಬ್ಬಳ ಜೊತೆ ಇಲ್ಲ.

ಮನೆಯಲ್ಲಿ ಕೂರಲಾಗಲಿಲ್ಲ. ಅವ್ವನ ಸ್ಕೂಟರ್ ತೆಗೆದುಕೊಂಡು ಆ ಡೇರಿ ಕಂಪನಿಯ ಹಾಲಿನ ಕೇಂದ್ರಗಳನ್ನು ನೋಡಲು ಹೊರಟೆ. ನಿಜ ಹೇಳಬೇಕೆಂದರೆ ಕೆಲಸಕ್ಕಾಗಿ ಹೊರಟದ್ದಲ್ಲ, ಮನೆಯಿಂದ ತಪ್ಪಿಸಿಕೊಳ್ಳಲು ಹೊರಟದ್ದು. ದಾರಿಯುದ್ದಕ್ಕೂ ಹೆಲ್ಮೆಟಿನೊಳಗೇ ಜಗಳ. ಆ ಫಂಡಿನವನು, ನಾನು ಸಾವನ್ನು ಮಾತ್ರ ನೋಡುತ್ತೇನೆ ಅನ್ನುತ್ತಾನೆ. ಮೌಶಿಯೂ ಅದನ್ನೇ ಅನ್ನುತ್ತಾಳೆ. ಒಂದೇ ಪ್ರಶ್ನೆಗೆ ಎರಡೂ ಕಡೆಯಿಂದ ಬಾಗಿಲು ಮುಚ್ಚಿದರು. ಹಾಗಾದರೆ ಈ ಪ್ರಶ್ನೆಗೆ ಜಗತ್ತಿನಲ್ಲಿ ಜಾಗವೇ ಇಲ್ಲವೇ? ಇಷ್ಟು ವರ್ಷ ನಾನು ಕಲಿತದ್ದು ಅದೊಂದೇ ಅಲ್ಲವೇ?

ದಾಂಡೇಲಿಯ ಆಚೆ, ಕುಳಗಿ ರಸ್ತೆಯಲ್ಲಿ, ಕಂಪನಿಯ ಹೊಸ ಬೋರ್ಡು ಹಾಕಿದ್ದ ಒಂದು ಕೇಂದ್ರ ಕಂಡಿತು. ಷಟರ್ ಅರ್ಧ ಇಳಿದಿತ್ತು. ಒಳಗೆ ಕ್ಯಾನುಗಳು ಬೋರಲು ಬಿದ್ದಿದ್ದವು. ಅಲ್ಲಿ ಕೂತಿದ್ದವನನ್ನು ಹಾಲು ಎಲ್ಲಿ ಎಂದು ಕೇಳಿದೆ.

‘ಹಾಲು ಎಲ್ಲಾ ರೆಸಾರ್ಟಿಗೆ ಹೊಕ್ಕೈತ್ರಿ’ ಎಂದ. ‘ಜೋಯಿಡಾ ತನಕ ಹೋಂಸ್ಟೇ ಆಗ್ಯಾವ. ಅವರು ಮನಿ ಬಾಗಲಕ್ಕ ಬಂದು ಒಯ್ತಾರ, ರೇಟ್ ಜಾಸ್ತಿ ಕೊಡ್ತಾರ. ಕಂಪನಿಗೆ ಯಾರು ಹಾಕ್ತಾರ್ರಿ?’

ಮುಂಡಗೋಡ ಕಡೆ ಹೋದೆ. ಅಲ್ಲಿ ರೆಸಾರ್ಟಿಲ್ಲ, ಆದರೆ ಎಮ್ಮೆ ಮೇಯಿಸುವವರು ಎಮ್ಮೆ ಮಾರುತ್ತಿದ್ದರು. ಮೇಯಲು ಜಾಗವಿಲ್ಲ, ಹೊಟ್ಟು ತುಟ್ಟಿ, ಮಕ್ಕಳು ಸೆಗಣಿ ಬಾಚಲು ಒಲ್ಲೆ ಅನ್ನುತ್ತಾರೆ. ನಾಲ್ಕು ತಾಲೂಕು ನೋಡಿ ಇಡೀ ಕಂಪನಿಯ ಜಾತಕ ಬರೆಯಬಾರದು, ಅಷ್ಟು ನನಗೂ ಗೊತ್ತು. ಹಾಗಾಗಿ ಅದರ ಹೊಸ ಕೇಂದ್ರಗಳಿದ್ದ ಬೇರೆ ಬೇರೆ ಜಿಲ್ಲೆಗಳಿಗೆ ಫೋನ್ ಹಚ್ಚಿದೆ. ನಮ್ಮ ಗಿರಣಿಯ ಶಬ್ದದಲ್ಲೇ ಕೂಗಿ ಕೂಗಿ ಮಾತಾಡಿದೆ. ಕಾರಣ ಬೇರೆ ಬೇರೆ, ಕಥೆ ಒಂದೇ: ಬೋರ್ಡು ಇದೆ, ಹಾಲು ಇಲ್ಲ.

ಆಗ ಹೊಳೆಯಿತು, ಹೊಳೆದದ್ದಕ್ಕೂ ಸಿಟ್ಟೇ ಬಂತು. ಈ ಕಂಪನಿ ಸಾಯುವುದಿಲ್ಲ. ಸಾಲ ಕೊಟ್ಟವನ ಹಣ ಎಲ್ಲಿಗೂ ಹೋಗುವುದಿಲ್ಲ. ಆದರೆ ಷೇರಿನ ಬೆಲೆ ಆ ಎತ್ತರದಲ್ಲಿ ನಿಂತದ್ದು ಹಾಲಿನ ವ್ಯಾಪಾರ ಬಹಳ ಬೆಳೆಯುತ್ತದೆ ಎಂಬ ನಂಬಿಕೆಯ ಮೇಲೆ. ಬೆಳೆಯದಿದ್ದರೆ ಕಂಪನಿ ಗಟ್ಟಿಯಾಗಿದ್ದೂ ಷೇರು ನೆಲ ಕಚ್ಚುತ್ತದೆ. ನಾನು ಕಂಪನಿ ಸತ್ತರೆ ಏನು ಎಂದು ಕೇಳಿ, ಸಾಯುವುದಿಲ್ಲ ಎಂದು ಸಮಾಧಾನಪಟ್ಟು, ಹಾಗಾದರೆ ಷೇರು ಕೊಳ್ಳಿ ಎಂದು ಬರೆದಿದ್ದೆ. ಕೇಳಬೇಕಾಗಿದ್ದು ಅದರ ಮೇಲಿನ ಆಸೆ ಸತ್ತರೆ ಏನು ಎಂದು. ಅಷ್ಟು ವರ್ಷ ಸಾಲ ಕೊಡುವವಳಾಗಿ ಕೂತು ತಲೆ ಒಂದೇ ಕಡೆ ಓಡುತ್ತದೆ ಎಂದು ಆ ಬಿಸ್ಕೀಟಿನವನು ಹೇಳಿದ್ದು ನಿಜವಾಗಿತ್ತು, ಅದು ಎಲ್ಲಕ್ಕಿಂತ ಹೆಚ್ಚು ಉರಿಯಿತು.

ಮುಂಬೈಗೆ ಹೋದೆ. ಆ ಮುಖ್ಯಸ್ಥನ ಎದುರು ಕೂತು, ಹಿಂದೆ ಹೇಳಿದ್ದನ್ನು ಮರೆತುಬಿಡಿ ಎಂದೆ. ‘ಈ ಷೇರನ್ನು ಕೊಳ್ಳಬೇಡಿ. ಶಾರ್ಟ್ ಮಾಡಿ.’ ಶಾರ್ಟ್ ಅಂದರೆ ನಮ್ಮಲ್ಲಿ ಇಲ್ಲದ ಷೇರನ್ನು ಎರವಲು ತಂದು ಇವತ್ತಿನ ಬೆಲೆಗೆ ಮಾರುವುದು, ಬಿದ್ದ ಮೇಲೆ ಅಗ್ಗಕ್ಕೆ ಕೊಂಡು ವಾಪಸು ಕೊಡುವುದು. ಬೀಳುವುದನ್ನು ಮೊದಲೇ ಕಂಡವರಿಗೆ ಹಣ ಸಿಗುವ ದಾರಿ ಅದು, ಹೆಜ್ ಫಂಡಿನವರು ಅದನ್ನು ದಿನನಿತ್ಯದ ಕೆಲಸವಾಗಿ ಮಾಡುತ್ತಾರೆ.

‘ಈ ಕಂಪನಿಯನ್ನು ಯಾರೂ ಶಾರ್ಟ್ ಮಾಡುವುದಿಲ್ಲ. ಎಲ್ಲರಿಗೂ ಇಷ್ಟ ಇದು’ ಎಂದ.

‘ಅದಕ್ಕೇ ಹೇಳುತ್ತಿದ್ದೇನೆ. ಇಷ್ಟ ಇದ್ದ ಕಡೆ ಯಾರೂ ಕೆಟ್ಟ ಪ್ರಶ್ನೆ ಕೇಳುವುದಿಲ್ಲ. ನಾನು ಕೇಳುತ್ತೇನೆ. ಕೇಳಿದ್ದಕ್ಕೆ ಮನೆಯವರ ಸಿಟ್ಟು ಕಟ್ಟಿಕೊಂಡೇ ಇಲ್ಲಿಗೆ ಬಂದಿದ್ದೇನೆ’ ಎಂದೆ. ದನಿ ಜೋರಾಯಿತು. ಗಾಜಿನ ಗೋಡೆಯ ಆಚೆ ಕೂತವರು ತಿರುಗಿ ನೋಡಿದರು. ಬೋರಲು ಬಿದ್ದ ಕ್ಯಾನಿನ ಫೋಟೋಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಟ್ಟೆ, ಇಟ್ಟೆ ಅನ್ನುವುದಕ್ಕಿಂತ ಬಡಿದೆ. ಆತ ಬಹಳ ಹೊತ್ತು ಪ್ರಶ್ನೆ ಕೇಳಿದ. ಎಲ್ಲದಕ್ಕೂ ಉತ್ತರ ಇತ್ತು. ಕೊನೆಗೆ, ‘ಕ್ರೆಡಿಟ್‌ನವರು ಇಲ್ಲಿಗೆ ಬಂದು ನಮ್ಮ ಹಾಗೆ ಆಗಲು ನೋಡುತ್ತಾರೆ. ನೀವು ಆಗಬೇಡಿ’ ಎಂದ.

ಕೆಲಸ ಸಿಕ್ಕಿತು. ಈಗ ನನ್ನ ಮೇಜು ಕಿಟಕಿಯ ಪಕ್ಕ ಇದೆ. ಯಾರಾದರೂ ಒಂದು ಕಂಪನಿಯನ್ನು ಮೆಚ್ಚಿ ಮಾತಾಡಿದರೆ ಮುಖ್ಯಸ್ಥ ನನ್ನ ಕಡೆ ತಿರುಗುತ್ತಾನೆ, ಎಲ್ಲರೂ ‘ಯಮರಾಜ ಏನಂತಾನೆ ನೋಡೋಣ’ ಎಂದು ನಗುತ್ತಾರೆ. ನಾನೂ ನಗುತ್ತೇನೆ. ನಗುವಾಗ ಹಲ್ಲು ಕಡಿಯುತ್ತೇನೆ, ಅದು ಅವರಿಗೆ ಕಾಣುವುದಿಲ್ಲ.

ಆ ಕೆಲಸಕ್ಕೆ ಸೇರುವ ಮೊದಲು ಒಮ್ಮೆ ಊರಿಗೆ ಬಂದಿದ್ದೆ. ಅವ್ವ ಮಾತಾಡಿದಳು, ಆದರೆ ಎಲ್ಲೋ ನೋಡುತ್ತ ಮಾತಾಡಿದಳು. ನಾನಿಲ್ಲದಾಗ ಮೌಶಿಯ ಊರಿಗೆ ಹೋಗಿ, ಅವಳ ಮನೆಯಲ್ಲಿ ಇದ್ದು, ಉಂಡು, ಜಗಳ ಬಗೆಹರಿಸಿಕೊಂಡು ಬಂದಿದ್ದಳು. ಮತ್ತೊಂದು ಮಣಕ ನೋಡಿದ್ದಾರಂತೆ. ಅದರ ರೊಕ್ಕ ನಾನು ಕೊಡುತ್ತೇನೆ, ಈ ಸಲದ ಪಾಲು ನನ್ನದು ಎಂದೆ. ಜಗತ್ತಿನ ಷೇರೆಲ್ಲ ನೋಡುವವಳಿಗೆ ಸ್ವಂತದ್ದೊಂದು ಪಾಲು ಬೇಡವೇ? ಅವ್ವ ಬೇಡ ಅಂದಳು, ಹಟ ಮಾಡಿ ಕೊಟ್ಟೆ. ನೋಟನ್ನು ಕಣ್ಣಿಗೆ ಒತ್ತಿಕೊಂಡು ಡಬ್ಬಿಗೆ ಹಾಕಿದಳು, ಆದರೂ ಯಾಕೋ ಸಮಾಧಾನವಿಲ್ಲ ಅವಳ ಮುಖದಲ್ಲಿ.

ಯಾಕೆಂದು ಮಣಕ ಬಂದ ದಿನ ಗೊತ್ತಾಯಿತು. ಟೆಂಪೋ ಓಣಿಗೆ ತಿರುಗಿದ ಶಬ್ದ ಕೇಳಿದ ಕೂಡಲೇ ಅವ್ವ ನನ್ನ ಹತ್ತಿರ ಬಂದು ಮೆಲ್ಲಗೆ, ‘ನೀ ಒಳಗ ಕೂಡು. ಹಗ್ಗ ಕೊಟ್ಟಾದ ಮ್ಯಾಲೆ ಕರಿತೇನಿ’ ಎಂದಳು.

‘ಯಾಕ?’

‘ನೀ ಅಂಗಳದಾಗ ಇರಬಾರದು ಅಂತ ಹೇಳಿ ಬರಾಕ ಒಪ್ಪ್ಯಾಳ ಅಕಿ.’

ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ. ಇಬ್ಬರೂ ಕೂತು ನನ್ನನ್ನು ಬಿಟ್ಟುಕೊಟ್ಟು ರಾಜಿಯಾಗಿದ್ದರು. ಸ್ವಂತ ಮನೆಯ ಅಂಗಳ, ನನ್ನ ರೊಕ್ಕದ ಎಮ್ಮೆ, ನನ್ನನ್ನು ಕೋಣೆಗೆ ಹಾಕಿ ಕದ ಮುಂದೆ ಮಾಡಿದಳು ಹೆತ್ತವಳು. ಮುಂಬೈಯಲ್ಲಿ ಯಾವ ಬಾಯಿಗೆ ಸಂಬಳ ಕೊಡುತ್ತಾರೋ ಅದೇ ಬಾಯಿಗೆ ಇಲ್ಲಿ ಬಹಿಷ್ಕಾರ. ಕದದ ಸಂದಿನಿಂದ ಮೌಶಿಯ ನಗು ಕೇಳಿಸುತ್ತಿತ್ತು. ಅವ್ವ ಬೆಲ್ಲ ಹುಡುಕುವುದು ಕೇಳಿಸುತ್ತಿತ್ತು. ಸ್ವಲ್ಪ ಹೊತ್ತು ತಡೆದೆ. ಆಮೇಲೆ ಒಳಗಿನಿಂದಲೇ ಕೂಗಿದೆ, ‘ಮೌಶಿ, ಆ ಮಣಕ ನನ್ನ ರೊಕ್ಕದ್ದೈತಿ. ನಿಮಗ ಗೊತ್ತಿರಲಿ.’

ಹೊರಗೆ ಅವ್ವ ಏನೋ ಗೊಣಗಿದಳು. ಆಮೇಲೆ ಮೌಶಿಯ ದನಿ ಬಂತು, ಅದರಲ್ಲಿ ನಗುವಿರಲಿಲ್ಲ.

‘ಅಕ್ಕಾರ, ರೊಕ್ಕ ಅಕೀದಾ? ಮೊದಲ ಯಾಕ ಹೇಳಲಿಲ್ಲ? ಹಂಗಾರ ಹಗ್ಗ ಅಕಿ ಕೈಲೇನ ಬರಬೇಕು. ಕರೀರಿ ಹೊರಗ.’

ಹೊರಗೆ ಬಂದೆ. ಅವ್ವ ನನ್ನ ಕೈಗೆ ಹಗ್ಗ ಕೊಟ್ಟಳು. ಕೊಡುವಾಗ ಅವಳ ಕಣ್ಣು ನನ್ನ ಬಾಯಿಯ ಮೇಲೆ ಇತ್ತು. ಟೆಂಪೋದವನೂ ನನ್ನ ಬಾಯಿಯನ್ನೇ ನೋಡುತ್ತಿದ್ದ, ಊರಿಗೆಲ್ಲ ಸುದ್ದಿ ಮುಟ್ಟಿತ್ತು ಅಂತ ಕಾಣುತ್ತದೆ. ಮಣಕ ಹೋದ ಸಲದ್ದಕ್ಕಿಂತ ಸಣ್ಣದು, ಕೊಂಬುಗಳು ಆಗಷ್ಟೇ ಬಾಗುತ್ತಿದ್ದವು. ಹಗ್ಗದಲ್ಲಿ ಅದರ ಉಸಿರಿನ ಎಳೆತ ಗೊತ್ತಾಗುತ್ತಿತ್ತು. ಬೇರೆಯವರ ಎಷ್ಟೋ ಕೋಟಿಯ ಮಾತಾಡಿದ್ದೇನೆ, ನನ್ನದು ಅಂತ ಒಂದು ಜೀವವನ್ನು ಹಿಡಿದದ್ದು ಅದೇ ಮೊದಲು. ಮೌಶಿ ಸೆರಗಿನಿಂದ ಕೈ ಒರೆಸಿಕೊಂಡಳು, ಚಾಚಿದಳು, ಆದರೆ ಹಗ್ಗ ಮುಟ್ಟಲಿಲ್ಲ. ಕಾದಳು. ನಾನು ಏನಾದರೂ ಅನ್ನುತ್ತೇನೋ ಎಂದು ಕಾದಳು.

ಆಗ ಮಣಕ ಒಂದು ಹೆಜ್ಜೆ ಮುಂದೆ ಇಟ್ಟಿತು. ಹಿಂದಿನ ಎಡಗಾಲನ್ನು ಪೂರ್ತಿ ಊರಲಿಲ್ಲ. ತುಸು ಎಳೆದ ಹಾಗೆ ಮಾಡಿತು. ಟೆಂಪೋದಲ್ಲಿ ನಿಂತು ಜೋಮು ಹಿಡಿದಿರಬಹುದು. ಗೊರಸಿಗೆ ಕಲ್ಲು ಸಿಕ್ಕಿರಬಹುದು. ಏನಾದರೂ ಇರಬಹುದು. ಆ ಹಳೆಯ ಪ್ರಶ್ನೆ ಬಾಯಿಗೇ ಬಂತು. ನಾಲಿಗೆ ಕಚ್ಚಿದೆ, ನಿಜವಾಗಿಯೂ ಕಚ್ಚಿದೆ, ಬಾಯಲ್ಲಿ ಉಪ್ಪುಪ್ಪಾಯಿತು. ಹಗ್ಗವನ್ನು ಮೌಶಿಯ ಅಂಗೈಯಲ್ಲಿ ಇಟ್ಟು ಅವಳ ಬೆರಳು ಮಡಿಸಿದೆ.

‘ಜ್ವಾಪಾನ’ ಎಂದೆ, ಅಷ್ಟೇ.

‘ನಿಂದೂ ಐತಿ, ನಂದೂ ಐತಿ’ ಎಂದು ಮೌಶಿ ಹಗ್ಗ ಸುತ್ತಿಕೊಂಡಳು. ನನ್ನ ಕೆನ್ನೆಗೆ ಒಂದು ಸಣ್ಣ ಏಟು ಕೊಟ್ಟಳು. ಅದು ಪ್ರೀತಿಯದೋ ಹಳೆಯ ಸಿಟ್ಟಿನದೋ, ಎರಡೂ ಇತ್ತು ಅದರಲ್ಲಿ. ಮಣಕವನ್ನು ಹೊಡೆದುಕೊಂಡು ಓಣಿಯಲ್ಲಿ ಹೊರಟಳು.

ನಾನು ಕಟ್ಟೆಯ ಮೇಲೆ ನಿಂತು ನೋಡಿದೆ. ಅದು ಕುಂಟುತ್ತಿತ್ತು. ಸ್ವಲ್ಪವೇ, ಆದರೆ ಕುಂಟುತ್ತಿತ್ತು. ಪಕ್ಕದಲ್ಲಿ ಅವ್ವ ನಿಂತಿದ್ದಳು, ಅವಳೂ ಅದನ್ನೇ ನೋಡುತ್ತಿದ್ದಳು. ಹಗ್ಗ ಕೈ ಬದಲಾಗಿ ಆಗಿತ್ತು, ಈಗ ಮಾತಾಡಿದರೆ ಕಟ್ಟಳೆ ಮುರಿಯುವುದಿಲ್ಲ. ನಾನು ಬಾಯಿ ತೆಗೆದೆ.

‘ನಾನೂ ನೋಡೇನಿ’ ಎಂದಳು ಅವ್ವ. ‘ಅಕಿನೂ ನೋಡ್ಯಾಳ. ಒಳಗ ನಡಿ.’